ನಾಲ್ಕು ವರ್ಷ ಕ್ಯಾರೆಕ್ಟರ್ ಆ್ಯಪ್ ಬಳಸಿದ ಮೇಲೆ: ಕೂಡೋದು ಅದು, ಓದೋದು ನಾವು

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ನಮ್ಮ ಪಾತ್ರದ ವಿವರ ಬರೆದಿಡುವ ಕಾಗದದ ಶೀಟ್‌ನಲ್ಲಿ ಹಿಟ್ ಪಾಯಿಂಟ್ (ಪಾತ್ರದ ಜೀವಬಲ) ಬರೆಯುವ ಚೌಕ ಇರುತ್ತದಲ್ಲ, ನಮ್ಮ ಗುಂಪಿನಲ್ಲಿ ಒಬ್ಬನ ಶೀಟ್‌ನಲ್ಲಿ ಅದು ಅಳಿಸಿ ಅಳಿಸಿ ತೂತೇ ಬಿದ್ದಿತ್ತು. ಅವನು ತೂತಿನ ಪಕ್ಕದಲ್ಲಿ ಬರೆಯಲು ಶುರು ಮಾಡಿದ. ಯಾವುದು ಹಳೆಯ ಅಂಕಿ, ಯಾವುದು ಹೊಸದು ಅಂತ ಅವನಿಗೇ ಗೊತ್ತಾಗುತ್ತಿರಲಿಲ್ಲ. ಅದೇ ವಾರ ನಾವು ಐದೂ ಜನ ಡಿಜಿಟಲ್ ಶೀಟ್‌ಗೆ, ಅಂದರೆ ಪಾತ್ರದ ಅಂಕಿಗಳನ್ನು ತಾನೇ ಲೆಕ್ಕ ಹಾಕುವ ಆ್ಯಪ್‌ಗೆ ಬಂದೆವು. ಈಗ ನಾಲ್ಕು ವರ್ಷ ಆಯಿತು.

ನಾವು ಆಡುವುದು ಈ ಆಟದ ಐದನೇ ಆವೃತ್ತಿ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಮುಂದುವರಿಸುವ ಆಟ ಇದು. ಮೊದಲ ಕ್ಯಾಂಪೇನ್‌ನಲ್ಲಿ (ಹಲವು ದಿನ ನಡೆಯುವ ಒಂದು ಕಥೆ) ನಾನು ಪ್ಯಾಲಡಿನ್, ಅಂದರೆ ದೈವಶಕ್ತಿಯ ಯೋಧ ಆಗಿ ಆಡಿದೆ. ಎರಡನೆಯದರಲ್ಲಿ ಡಿಎಂ (ಕಥೆ ನಡೆಸಿ, ಶತ್ರುಗಳನ್ನು ಆಡಿಸಿ, ನಿಯಮದ ತೀರ್ಮಾನ ಕೊಡುವವರು) ಆಗಿ ಕೂತಿದ್ದೇನೆ. ಹಾಗಾಗಿ ಈ ಆ್ಯಪ್ ಅನ್ನು ಮೇಜಿನ ಎರಡೂ ಕಡೆಯಿಂದ ನೋಡಿದ್ದೇನೆ. ಅದರ ಹೆಸರು ಇಲ್ಲಿ ಬರೆಯುತ್ತಿಲ್ಲ. ಈ ಥರದ ಟೂಲ್‌ಗಳು ಹಲವಾರಿವೆ. ನಾನು ಹೇಳುವುದರಲ್ಲಿ ಜಾಸ್ತಿ ಭಾಗ ಎಲ್ಲದಕ್ಕೂ ಹೊಂದುತ್ತದೆ.

ಮೊದಲು ಮನಸಾರೆ ಮೆಚ್ಚಿದ್ದನ್ನು ಹೇಳುತ್ತೇನೆ.

ನನ್ನ ಪ್ಯಾಲಡಿನ್ 8ನೇ ಲೆವೆಲ್‌ಗೆ ಬಂದ ದಿನ ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) 15 ಇದ್ದದ್ದನ್ನು 16 ಮಾಡಿದೆ. ಅಂದರೆ ಮಾಡಿಫೈಯರ್ (ಆ ಅಂಕಿಯಿಂದ ಸಿಗುವ ಕೂಡಿಕೆ) +2 ಹೋಗಿ +3 ಆಯಿತು. ಅಲ್ಲಿಯವರೆಗೆ ನನ್ನ ಹಿಟ್ ಪಾಯಿಂಟ್ 60. ಹೊಸ ಲೆವೆಲ್‌ಗೆ 6, ಅದಕ್ಕೆ 3, ಒಟ್ಟು 69 ಅಂತ ಮನಸ್ಸಿನಲ್ಲೇ ಕೂಡಿಕೊಂಡಿದ್ದೆ. ಆ್ಯಪ್ 76 ತೋರಿಸಿತು. ಇದೇನೋ ತಪ್ಪು ಅಂದುಕೊಂಡು ಪುಸ್ತಕ ತೆಗೆದೆ. ತಪ್ಪು ನನ್ನದೇ. ಕಾನ್‌ಸ್ಟಿಟ್ಯೂಷನ್ ಮಾಡಿಫೈಯರ್ ಒಂದು ಏರಿದರೆ ಹಿಂದಿನ ಲೆವೆಲ್‌ಗಳಿಗೂ ಒಂದೊಂದು ಹಿಟ್ ಪಾಯಿಂಟ್ ಸೇರುತ್ತದೆ. ಹಿಂದಿನ ಏಳು ಲೆವೆಲ್, ಏಳು ಪಾಯಿಂಟ್. ಕಾಗದದಲ್ಲೇ ಇದ್ದಿದ್ದರೆ ಆ ಏಳನ್ನು ಕ್ಯಾಂಪೇನ್ ಮುಗಿಯುವವರೆಗೂ ಕಳೆದುಕೊಂಡೇ ಇರುತ್ತಿದ್ದೆ. ಅದಕ್ಕೂ ಮೊದಲು ಕಾಗದದಲ್ಲಿ ಆಡಿದ ಎಷ್ಟು ಪಾತ್ರಗಳು ಹೀಗೆ ಕಳೆದುಕೊಂಡಿರಬಹುದು ಅಂತ ಆ ರಾತ್ರಿ ಯೋಚನೆ ಬಂತು.

ಈ ಆ್ಯಪ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಒಂದೇ. ಯಾವುದೇ ಅಂಕಿಯ ಮೇಲೆ ಬೆರಳಿಟ್ಟರೆ ಅದು ಹೇಗೆ ಬಂತು ಅಂತ ಬಿಡಿಸಿ ತೋರಿಸುತ್ತದೆ. ಒಂದು ಸಲ ವಿಝರ್ಡ್ (ಮಂತ್ರವಾದಿ) ನಮ್ಮ ಮಾಂಕ್ (ಬರಿಗೈ ಹೋರಾಟಗಾರ) ಮೇಲೆ ಮೇಜ್ ಆರ್ಮರ್ ಅನ್ನುವ ರಕ್ಷಣೆಯ ಸ್ಪೆಲ್ (ಮಂತ್ರ) ಹಾಕಿದಳು. ಮಾಂಕ್‌ಗೆ ಡೆಕ್ಸ್‌ಟೆರಿಟಿ +4, ವಿಸ್‌ಡಮ್ +3.

"ಹದಿಮೂರು, ನಾಲ್ಕು, ಮೂರು. ಇಪ್ಪತ್ತು ಕಣೇ! ಇನ್ನು ನನ್ನನ್ನ ಮುಟ್ಟೋರು ಯಾರು?" ಅಂದ ಅವನು.

ಅವನ ಶೀಟ್‌ನಲ್ಲಿ ಎಸಿ (ಏಟು ತಗುಲಬೇಕಾದರೆ ಶತ್ರು ಮುಟ್ಟಬೇಕಾದ ಅಂಕಿ) ಮೊದಲಿನ ಹಾಗೇ 17 ಇತ್ತು. ಬೆರಳಿಟ್ಟು ನೋಡಿದರೆ ಎರಡು ಲೆಕ್ಕ ಪಕ್ಕಪಕ್ಕ ಕಾಣಿಸಿತು. ಮಾಂಕ್‌ನ ಸ್ವಂತ ಲೆಕ್ಕ 10 ಕೂಡಿಸು 4 ಕೂಡಿಸು 3. ಮೇಜ್ ಆರ್ಮರ್ ಲೆಕ್ಕ 13 ಕೂಡಿಸು 4. ಎರಡೂ 17. ಎಸಿ ಲೆಕ್ಕ ಹಾಕಲು ಎರಡು ದಾರಿ ಇದ್ದರೆ ಒಂದನ್ನು ಆರಿಸಿಕೊಳ್ಳಬೇಕು, ಎರಡನ್ನೂ ಸೇರಿಸುವ ಹಾಗಿಲ್ಲ. ವಿಝರ್ಡ್‌ನ ಒಂದು ಸ್ಲಾಟ್ (ಸ್ಪೆಲ್ ಹಾಕಲು ಖರ್ಚಾಗುವ ಶಕ್ತಿ) ಹೋಯಿತು, ಆದರೆ ಆ ನಿಯಮ ಅವತ್ತಿನಿಂದ ನಮ್ಮಲ್ಲಿ ಯಾರಿಗೂ ಮರೆತಿಲ್ಲ. ಬರೀ 17 ಅಂತ ಅಂಕಿ ತೋರಿಸಿ ಸುಮ್ಮನಾಗುವ ಟೂಲ್‌ನಲ್ಲಿ ಇದೇ ಜಗಳ ಅರ್ಧ ಗಂಟೆ ನಡೆಯುತ್ತಿತ್ತು.

ಮಲ್ಟಿಕ್ಲಾಸ್ ಮಾಡುವವರಿಗಂತೂ, ಅಂದರೆ ಒಂದೇ ಪಾತ್ರಕ್ಕೆ ಪ್ಯಾಲಡಿನ್, ವಿಝರ್ಡ್ ಥರದ ಎರಡು ಕ್ಲಾಸ್ ಸೇರಿಸುವವರಿಗೆ, ಇಂಥ ಟೂಲ್ ಬೇಕೇ ಬೇಕು. ನಾನು 8ನೇ ಲೆವೆಲ್ ಆದಮೇಲೆ ಎರಡು ಲೆವೆಲ್ ಸಾರ್ಸರರ್ (ಇನ್ನೊಂದು ಥರದ ಮಂತ್ರವಾದಿ) ತೆಗೆದುಕೊಂಡೆ. ತಕ್ಷಣ ಶೀಟ್‌ನಲ್ಲಿ ಮೂರನೇ ಮಟ್ಟದ ಸ್ಲಾಟ್ ಮೂರು ಬಂದವು. ನನಗೆ ಮೂರನೇ ಮಟ್ಟದ ಒಂದು ಸ್ಪೆಲ್ಲೂ ಬರುವುದಿಲ್ಲ! ಆಗಿನ ಡಿಎಂ "ಇದು ಆ್ಯಪ್‌ನ ಬಗ್" ಅಂತ ತೀರ್ಮಾನ ಕೊಟ್ಟೇಬಿಟ್ಟ. ಬಗ್ ಅಲ್ಲ. ಸ್ಲಾಟ್ ಲೆಕ್ಕವೇ ಬೇರೆ, ಯಾವ ಸ್ಪೆಲ್ ಬರುತ್ತದೆ ಅನ್ನುವ ಲೆಕ್ಕವೇ ಬೇರೆ. ಪ್ಯಾಲಡಿನ್ ಲೆವೆಲ್‌ನ ಅರ್ಧ 4, ಸಾರ್ಸರರ್‌ನ 2, ಸೇರಿ 6. ಪುಸ್ತಕದ ಸ್ಲಾಟ್ ಪಟ್ಟಿಯ ಆರನೇ ಸಾಲಿನಲ್ಲಿ ಒಂದು, ಎರಡು, ಮೂರನೇ ಮಟ್ಟಕ್ಕೆ 4, 3, 3 ಸ್ಲಾಟ್. ಆದರೆ ಸ್ಪೆಲ್‌ಗಳನ್ನು ಮಾತ್ರ ಪ್ರತಿ ಕ್ಲಾಸ್‌ಗೂ ಬೇರೆಬೇರೆಯಾಗಿ, ಅದೊಂದೇ ಕ್ಲಾಸ್ ಇದ್ದ ಹಾಗೆ ನೋಡಬೇಕು. ಮೂರನೇ ಮಟ್ಟದ ಸ್ಲಾಟ್‌ನಲ್ಲಿ ಕೆಳಗಿನ ಸ್ಪೆಲ್ ಹಾಕಬಹುದು, ಇಲ್ಲವೇ ಸ್ಮೈಟ್‌ಗೆ (ಏಟಿಗೆ ಡ್ಯಾಮೇಜ್ ಸೇರಿಸುವ ಪ್ಯಾಲಡಿನ್ ಶಕ್ತಿ) ಸುರಿಯಬಹುದು. 4ಡಿ8, ಅಂದರೆ ಎಂಟು ಮುಖದ ನಾಲ್ಕು ದಾಳದಷ್ಟು, ಹೆಚ್ಚಿಗೆ ಡ್ಯಾಮೇಜ್ ಸಿಕ್ಕರೆ ಯಾರಿಗೆ ಬೇಡ?

ಇಷ್ಟು ಹೊಗಳಿದೆ. ಈಗ ಒಂದು ವರ್ಷ ನಮ್ಮನ್ನು ದಾರಿ ತಪ್ಪಿಸಿದ ಟಿಕ್ ಬಾಕ್ಸ್ ಕಥೆ.

ನಮ್ಮ ರೋಗ್‌ನ (ಕಳ್ಳನ ಕ್ಲಾಸ್) ಶೀಟ್‌ನಲ್ಲಿ ಸ್ನೀಕ್ ಅಟ್ಯಾಕ್ (ಸಂದರ್ಭ ನೋಡಿ ಕೊಡುವ ಹೆಚ್ಚಿನ ಡ್ಯಾಮೇಜ್) ಪಕ್ಕ ಒಂದು ಚೌಕ ಇದೆ. ಬಳಸಿದ ಮೇಲೆ ಟಿಕ್ ಆಗುತ್ತದೆ. ಹೊಸ ರೌಂಡ್ (ಎಲ್ಲರಿಗೂ ಒಂದೊಂದು ಟರ್ನ್ ಸಿಗುವ ಸುತ್ತು) ಶುರುವಾದಾಗ ಟಿಕ್ ಹೋಗುತ್ತದೆ. ನೋಡಲು ಅಚ್ಚುಕಟ್ಟು. ಹಾಗಾಗಿ ರೌಂಡ್‌ಗೆ ಒಂದೇ ಸ್ನೀಕ್ ಅಟ್ಯಾಕ್ ಅಂತ ಎಲ್ಲರೂ ನಂಬಿಕೊಂಡಿದ್ದೆವು. ಒಂದು ದಿನ ಶತ್ರು ರೋಗ್‌ನ ಪಕ್ಕದಿಂದ ಓಡಲು ನೋಡಿತು, ಫೈಟರ್ ಅದರ ಮಗ್ಗುಲಲ್ಲೇ ನಿಂತಿದ್ದಾಳೆ. ರೋಗ್‌ನ ಆಪರ್ಚುನಿಟಿ ಅಟ್ಯಾಕ್ (ಪಕ್ಕದಿಂದ ಓಡುವವರಿಗೆ ಕೊಡುವ ಏಟು) ತಗುಲಿತು. "ಸ್ನೀಕ್ ಅಟ್ಯಾಕ್ ಸೇರಿಸಲಾ?" ಅಂತ ರೋಗ್ ಕೇಳಿದ. "ಟಿಕ್ ಆಗಿದೆಯಲ್ಲೋ, ಮುಗೀತು" ಅಂದೆ. ಆಗ ನಾನೇ ಡಿಎಂ. ಮನೆಗೆ ಹೋಗಿ ಪುಸ್ತಕ ಓದಿದೆ. ಅಲ್ಲಿ ಇರುವುದು ಟರ್ನ್‌ಗೆ ಒಮ್ಮೆ ಅಂತ, ರೌಂಡ್‌ಗೆ ಒಮ್ಮೆ ಅಂತ ಅಲ್ಲ. ಶತ್ರು ಓಡುತ್ತಿದ್ದದ್ದು ಶತ್ರುವಿನ ಟರ್ನ್‌ನಲ್ಲಿ. ಆ ಟರ್ನ್‌ನಲ್ಲಿ ರೋಗ್ ಇನ್ನೂ ಸ್ನೀಕ್ ಅಟ್ಯಾಕ್ ಬಳಸಿರಲಿಲ್ಲ. ಫೈಟರ್ ಪಕ್ಕದಲ್ಲಿದ್ದಳು, ಆಯುಧವೂ ಸರಿಯಾದದ್ದು. 4ಡಿ6 ಅವನಿಗೆ ಸಿಗಬೇಕಿತ್ತು. ಒಂದು ವರ್ಷದಲ್ಲಿ ಎಷ್ಟು ಸಲ ತಪ್ಪಿಸಿದ್ದೇನೋ. ಮುಂದಿನ ವಾರ ಅವನ ಹತ್ತಿರ ಕ್ಷಮೆ ಕೇಳಿದೆ.

ಆ್ಯಪ್ ಮಾಡಿದವರು ಯಾವ ನಿಯಮವನ್ನೂ ತಪ್ಪಾಗಿ ಬರೆದಿರಲಿಲ್ಲ. ಅದೇ ಪುಟದಲ್ಲಿ ಕೆಳಗೆ ಇಳಿದರೆ ಪೂರ್ತಿ ವಾಕ್ಯ ಸರಿಯಾಗಿಯೇ ಇದೆ. ಆದರೆ ಚೌಕ ಕಣ್ಣೆದುರಿಗೆ ಇತ್ತು, ವಾಕ್ಯ ಕೆಳಗೆ ಇತ್ತು. ನಾವು ಚೌಕವನ್ನೇ ನಿಯಮ ಅಂತ ಓದಿಕೊಂಡೆವು. ನಾಲ್ಕು ವರ್ಷದ ಬಳಕೆಯಲ್ಲಿ ನನಗೆ ಕಂಡ ದೊಡ್ಡ ಅಪಾಯ ಇದೇ.

ಇದೇ ಜಾತಿಯ ಇನ್ನೆರಡು ಇವೆ. ಟೆಂಪರರಿ ಹಿಟ್ ಪಾಯಿಂಟ್ 12 ಇದ್ದಾಗ ಬೇರೆ ಕಡೆಯಿಂದ 5 ಸಿಕ್ಕಿತು ಅಂತಿಟ್ಟುಕೊಳ್ಳಿ. ಕೂಡಿಸಿ 17 ಮಾಡುವಂತಿಲ್ಲ, ಹಳೆಯದನ್ನು ಇಟ್ಟುಕೊಳ್ಳಬೇಕೋ ಹೊಸದೋ ಅಂತ ಆಟಗಾರನೇ ಹೇಳಬೇಕು. ನಮ್ಮ ಆ್ಯಪ್ ಕೇಳುತ್ತಲೇ ಇರಲಿಲ್ಲ, 12 ಅಳಿಸಿ 5 ಕೂರಿಸುತ್ತಿತ್ತು. ಈಗ ಕೇಳುತ್ತದೆ. ಇನ್ನೊಂದು ಕಾನ್ಸಂಟ್ರೇಷನ್, ಅಂದರೆ ಹಾಕಿದ ಸ್ಪೆಲ್ ನಿಲ್ಲದ ಹಾಗೆ ಗಮನ ಹಿಡಿದಿಡುವುದು. ಡ್ಯಾಮೇಜ್ ಹಾಕಿದ ಕೂಡಲೇ "ಸೇವ್ ಹಾಕು" (ಸ್ಪೆಲ್ ಉಳಿಯುತ್ತದೋ ಅಂತ ದಾಳ ಹಾಕು) ಅಂತ ನೆನಪಿಸುವುದು ತುಂಬಾ ಒಳ್ಳೆಯದು, ಏಕೆಂದರೆ ಇದನ್ನು ಮರೆಯದ ಗುಂಪೇ ಇಲ್ಲ. ಆದರೆ ಬೆಂಕಿಗೆ ರೆಸಿಸ್ಟೆನ್ಸ್ (ಡ್ಯಾಮೇಜ್ ಅರ್ಧವೇ ತಗುಲುವ ಗುಣ) ಇರುವವಳಿಗೆ 30 ಬೆಂಕಿ ಡ್ಯಾಮೇಜ್ ಅಂತ ಟೈಪ್ ಮಾಡಿದರೆ, ಅದು 30ರ ಅರ್ಧ 15 ಅಂತ ಡಿಸಿ (ಸೇವ್‌ನಲ್ಲಿ ಮುಟ್ಟಬೇಕಾದ ಅಂಕಿ) ಕೊಡುತ್ತದೆ. ನಿಜವಾಗಿ ಅವಳಿಗೆ ತಗುಲಿದ್ದು 15. ಅದರ ಅರ್ಧ 7. ಹತ್ತಕ್ಕಿಂತ ಕಮ್ಮಿ ಆಗುವ ಹಾಗಿಲ್ಲವಾದ್ದರಿಂದ ಡಿಸಿ 10. ಹತ್ತಕ್ಕೂ ಹದಿನೈದಕ್ಕೂ ಇರುವ ಅಂತರದಲ್ಲಿ ಒಂದು ಇಡೀ ಯುದ್ಧ ತಿರುಗಿಬಿಡಬಹುದು. ಈಗ ನಾವು ಅರ್ಧ ಮಾಡಿದ ಮೇಲೇ ಟೈಪ್ ಮಾಡುತ್ತೇವೆ.

2024ರಲ್ಲಿ ಪರಿಷ್ಕೃತ ನಿಯಮಗಳು ಬಂದಾಗ ಆದದ್ದು ಬೇರೆ ಥರದ ತೊಂದರೆ. 2014ರ ನಿಯಮದಲ್ಲಿ ಕ್ಯೂರ್ ವೂಂಡ್ಸ್ 1ಡಿ8 ವಾಸಿ ಮಾಡುತ್ತದೆ, 2024ರಲ್ಲಿ 2ಡಿ8. ವಾಸಿ ಮಾಡುವ ಪೋಶನ್ ಕುಡಿಯಲು ಮೊದಲು ಆಕ್ಷನ್ (ಟರ್ನ್‌ನ ಮುಖ್ಯ ಕೆಲಸ) ಬೇಕಿತ್ತು, ಈಗ ಬೋನಸ್ ಆಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ) ಸಾಕು. ಲಾಂಗ್ ರೆಸ್ಟ್ ಮಾಡಿದರೆ ಮೊದಲು ಹಿಟ್ ಡೈಸ್‌ನಲ್ಲಿ (ವಿಶ್ರಾಂತಿಯಲ್ಲಿ ಹಿಟ್ ಪಾಯಿಂಟ್ ವಾಪಸ್ ಪಡೆಯಲು ಹಾಕುವ ದಾಳ) ಅರ್ಧದಷ್ಟು ವಾಪಸ್ ಬರುತ್ತಿತ್ತು, ಈಗ ಎಲ್ಲವೂ ಬರುತ್ತದೆ. ಒಂದೇ ಟರ್ನ್‌ನಲ್ಲಿ ಎರಡು ಸ್ಪೆಲ್ ಹಾಕುವ ನಿಯಮದ ರೂಪವೇ ಬದಲಾಗಿದೆ. ಮೊದಲು ಬೋನಸ್ ಆಕ್ಷನ್‌ನಲ್ಲಿ ಸ್ಪೆಲ್ ಹಾಕಿದರೆ ಅದೇ ಟರ್ನ್‌ನಲ್ಲಿ ಬೇರೆ ಏನಿದ್ದರೂ ಒಂದು ಆಕ್ಷನ್‌ನ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸ್ಪೆಲ್) ಮಾತ್ರ. ಈಗ ಟರ್ನ್‌ಗೆ ಒಂದೇ ಸ್ಪೆಲ್ ಸ್ಲಾಟ್ ಖರ್ಚು ಮಾಡಬಹುದು ಅಂತ ಲೆಕ್ಕ.

ಇವೆಲ್ಲ ಒಳ್ಳೆಯ ಬದಲಾವಣೆಗಳೇ ಅಂತ ನನ್ನ ಅಭಿಪ್ರಾಯ. ಆದರೆ ನಮ್ಮ ಮೇಜಿನಲ್ಲಿ ಒಂದು ಸಂಜೆ ಕ್ಲೆರಿಕ್‌ನ ಶೀಟ್‌ನಲ್ಲಿ 2ಡಿ8, ನನ್ನ ಹತ್ತಿರ ಇದ್ದ ಸಹಾಯಕ ಪಾತ್ರದ ಶೀಟ್‌ನಲ್ಲಿ 1ಡಿ8. ಒಂದೇ ಸ್ಪೆಲ್, ಒಂದೇ ಹೆಸರು. ಅಪ್‌ಡೇಟ್ ಆದಮೇಲೆ ಕ್ಲೆರಿಕ್ ಲೆವೆಲ್ ಏರಿಸುವಾಗ ಪಟ್ಟಿಯಲ್ಲಿ ಹೊಸದನ್ನು ಒತ್ತಿದ್ದಾಳೆ. ಅವಳ ತಪ್ಪೇನೂ ಇಲ್ಲ, ಎರಡೂ ಒಂದರ ಕೆಳಗೊಂದು ಒಂದೇ ಬಣ್ಣದಲ್ಲಿದ್ದವು. ರೇಂಜರ್ 5, ಡ್ರೂಯಿಡ್ 2 ಇದ್ದವನಿಗಂತೂ ಒಂದು ವಾರ ತಲೆ ಕೆಟ್ಟಿತು. ಹಳೆಯ ನಿಯಮದಲ್ಲಿ ರೇಂಜರ್ ಲೆವೆಲ್ ಅರ್ಧ ಮಾಡಿ ಕೆಳಗೆ ಇಳಿಸಬೇಕು, 2. ಹೊಸದರಲ್ಲಿ ಮೇಲಕ್ಕೆ ಏರಿಸಬೇಕು, 3. ಒಂದರಲ್ಲಿ ಒಟ್ಟು 4, ಇನ್ನೊಂದರಲ್ಲಿ 5. ಐದಾದರೆ ಮೂರನೇ ಮಟ್ಟದ ಎರಡು ಸ್ಲಾಟ್ ಉಂಟು, ನಾಲ್ಕಾದರೆ ಇಲ್ಲ. ನೀವು ಹೊಸದಾಗಿ ಶುರು ಮಾಡುವವರಾದರೆ ದಯವಿಟ್ಟು ಮೊದಲ ದಿನವೇ ಯಾವ ವರ್ಷದ ನಿಯಮ ಅಂತ ಮಾತಾಡಿಕೊಳ್ಳಿ. ಸೆಟ್ಟಿಂಗ್ಸ್‌ಗೆ ಹೋಗಿ ಇನ್ನೊಂದನ್ನು ಮುಚ್ಚಿಬಿಡಿ. ಪ್ರತಿ ಲೆವೆಲ್‌ಗೂ ಮುಂಚೆ ಶೀಟ್‌ನ ಒಂದು ಪಿಡಿಎಫ್ ತೆಗೆದಿಟ್ಟುಕೊಳ್ಳಿ. ನೆಟ್ ಕೈಕೊಟ್ಟ ದಿನವೂ ಅದೇ ಕಾಪಾಡುತ್ತದೆ.

ಉಚಿತ ಟೂಲ್‌ಗಳ ಬಗ್ಗೆ ಒಂದು ಮಾತು. "ಫೈಟರ್ ತಗೊಂಡರೆ ಚಾಂಪಿಯನ್ ಒಂದೇ ತೋರಿಸುತ್ತೆ, ದಂಡ" ಅಂತ ಒಂದು ಸ್ಟಾರ್ ಕೊಡುವವರನ್ನು ನೋಡಿ ಬೇಜಾರಾಗುತ್ತದೆ. ಅದು ಟೂಲ್ ಮಾಡಿದವರ ಸೋಮಾರಿತನ ಅಲ್ಲ. ನಿಯಮಗಳ ಮೂಲಭಾಗ ಮಾತ್ರ ಎಸ್‌ಆರ್‌ಡಿ ಅನ್ನುವ ಹೆಸರಿನಲ್ಲಿ ಎಲ್ಲರಿಗೂ ತೆರೆದಿದೆ. 2023ರ ಜನವರಿಯಲ್ಲಿ ಆಟದ ಪ್ರಕಾಶಕರು ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟರು, 2025ರಲ್ಲಿ ಹೊಸ ನಿಯಮಗಳದ್ದನ್ನೂ ಬಿಟ್ಟರು. ಅದರಲ್ಲಿ ಹನ್ನೆರಡು ಕ್ಲಾಸ್, ಒಂದೊಂದು ಕ್ಲಾಸ್‌ಗೂ ಒಂದೇ ಸಬ್‌ಕ್ಲಾಸ್ (ಕ್ಲಾಸ್‌ನ ಒಳಕವಲು), ಫೈಟರ್‌ಗೆ ಅದು ಚಾಂಪಿಯನ್. ಉಳಿದದ್ದು ದುಡ್ಡು ಕೊಟ್ಟು ಕೊಳ್ಳುವ ಪುಸ್ತಕದಲ್ಲಿದೆ. ಅದನ್ನು ತಮ್ಮ ಟೂಲ್‌ಗೆ ಸೇರಿಸುವ ಹಕ್ಕು ಟೂಲ್ ಮಾಡಿದವರಿಗಿಲ್ಲ. ಅಷ್ಟರೊಳಗೇ ಇಷ್ಟು ಚೆನ್ನಾಗಿ ಮಾಡಿ ಸುಮ್ನೆ ಹಂಚುವವರಿಗೆ ನಾನಂತೂ ಕೈಮುಗಿಯುತ್ತೇನೆ.

ಆ್ಯಪ್‌ನ ದಾಳ ನಮಗೆ ಹಿಡಿಸಲಿಲ್ಲ, ಕೈಯಲ್ಲೇ ಹಾಕುತ್ತೇವೆ. ಸ್ವಂತ ಆಯುಧ, ಸ್ವಂತ ಸ್ಪೆಲ್ ಸೇರಿಸುವ ವ್ಯವಸ್ಥೆ ಇದೆ, ಕೆಲಸವೂ ಮಾಡುತ್ತದೆ, ಆದರೆ ಒಂದು ಕತ್ತಿ ಮಾಡುವುದರಲ್ಲಿ ಒಂದು ಸಂಜೆ ಹೋಗುತ್ತದೆ.

ಹೊಸಬರಿಗೆ ಆ್ಯಪ್ ಕೊಡಬೇಕೋ ಬೇಡವೋ ಅನ್ನುವುದರಲ್ಲಿ ನನ್ನ ಮನಸ್ಸು ಪೂರ್ತಿ ಬದಲಾಗಿದೆ. ಮೊದಲೆಲ್ಲ ಮೊದಲ ದಿನವೇ ಫೋನ್‌ನಲ್ಲಿ ಪಾತ್ರ ಮಾಡಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಹಾಗೆ ಬಂದ ಒಬ್ಬಳು 5ನೇ ಲೆವೆಲ್‌ವರೆಗೂ ತುಂಬಾ ಚೆನ್ನಾಗಿ ಆಡಿದಳು. ಒಂದು ದಿನ ಅವಳ ಫೋನ್ ಚಾರ್ಜ್ ಖಾಲಿ. "ಅಟ್ಯಾಕ್‌ಗೆ ಏನು ಕೂಡಿಸ್ಬೇಕು?" ಅಂತ ಕೇಳಿದಳು. ಪ್ಲಸ್ ಏಳು ಅಂತ ನನಗೆ ನೆನಪಿತ್ತು, ಹೇಳಿದೆ. "ಈ ಏಳು ಎಲ್ಲಿಂದ ಬರುತ್ತೆ ಅಕ್ಕ?" ಅಂದಳು. ಅವಳ ಪಾತ್ರವನ್ನು ಅವಳು ಆರು ತಿಂಗಳಿಂದ ಆಡುತ್ತಿದ್ದಾಳೆ. ನಾನೇ ಕಲಿಸಿಲ್ಲ ಅಂತ ನಾಚಿಕೆ ಆಯಿತು. ಆಟ ನಿಲ್ಲಿಸಿ ಒಂದು ಹಾಳೆ ತೆಗೆದೆವು. ಸ್ಟ್ರೆಂತ್ 18. ಹತ್ತು ಕಳೆದರೆ ಎಂಟು, ಅರ್ಧ ನಾಲ್ಕು. ಐದನೇ ಲೆವೆಲ್‌ಗೆ ಪ್ರೊಫಿಶಿಯನ್ಸಿ (ಪಳಗಿದ ಕೆಲಸಕ್ಕೆ ಸಿಗುವ ಕೂಡಿಕೆ) ಮೂರು. ಎರಡೂ ಸೇರಿ ಏಳು. "ಓ, ಅಂದ್ರೆ ಒಂಬತ್ತನೇ ಲೆವೆಲ್‌ಗೆ ಇದು ಎಂಟಾಗುತ್ತೆ ಅಲ್ವಾ?" ಅಂತ ಅವಳೇ ಪಟ್ಟಿ ನೋಡಿ ಹೇಳಿದಳು. ಅವತ್ತಿನಿಂದ ಅವಳು ಆಡುವ ರೀತಿಯೇ ಬೇರೆ. ಯಾವಾಗ ರಿಸ್ಕ್ ತಗೋಬೇಕು, ಯಾವಾಗ ಬೇಡ ಅಂತ ಅವಳಿಗೆ ಅಂದಾಜು ಸಿಕ್ಕಿದೆ.

ಈಗ ನನ್ನ ಮೇಜಿನಲ್ಲಿ ಮೊದಲ ಮೂರು ಲೆವೆಲ್ ಎಲ್ಲರೂ ಕಾಗದದಲ್ಲೇ, ಪೆನ್ಸಿಲ್‌ನಲ್ಲೇ. ನಾಲ್ಕನೆಯದಕ್ಕೆ ಆ್ಯಪ್. ಚಂದಾ ಇನ್ನೊಂದು ವರ್ಷಕ್ಕೆ ಕಟ್ಟಿದ್ದೇನೆ, ಬಿಡುವ ಯೋಚನೆ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸ್ನೀಕ್ ಅಟ್ಯಾಕ್ ಚೌಕ ಇನ್ನೂ ಹಾಗೇ ಇದೆ. ಆ್ಯಪ್‌ನವರಿಗೆ ಎರಡು ಸಲ ಬರೆದೆ, ಬದಲಾಗಿಲ್ಲ. ನಮ್ಮ ರೋಗ್ ತನ್ನ ಟರ್ನ್ ಮುಗಿದ ಕೂಡಲೇ ತಾನೇ ಟಿಕ್ ತೆಗೆದು, ಫೋನ್ ಕೆಳಗಿಟ್ಟು, ಯಾವ ಶತ್ರು ಓಡುತ್ತಾನೆ ಅಂತ ಕಾಯುತ್ತಾ ಕೂರುತ್ತಾನೆ.