ಪಿಎಸ್5ಗೆ ನಡುವೆ ಬಂದ ಎರಡು: ವಿಆರ್2 ಮತ್ತು ಪೋರ್ಟಲ್

ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್ 5 (ಪಿಎಸ್5) ಬಂದದ್ದು 2020ರ ನವೆಂಬರ್‌ನಲ್ಲಿ. ಅದಕ್ಕೆ ಜೋಡಿಸಿ ತಲೆಗೆ ಹಾಕಿಕೊಂಡರೆ ಗೇಮಿನೊಳಗೇ ಇದ್ದಂತೆ ತೋರಿಸುವ ಕನ್ನಡಕ ವಿಆರ್2 ಬಂದದ್ದು 2023ರ ಫೆಬ್ರವರಿಯಲ್ಲಿ, ಕೈಯಲ್ಲಿ ಹಿಡಿದು ಆಡುವ ಪೋರ್ಟಲ್ ಅದೇ ವರ್ಷದ ನವೆಂಬರ್‌ನಲ್ಲಿ. ಪೋರ್ಟಲ್ ನನ್ನದು. ವಿಆರ್2 ಬೆಂಗಳೂರಿನ ಗೆಳೆಯನದು, ಮಳೆಗಾಲದಲ್ಲಿ ಮಡಿಕೇರಿಗೆ ಬಂದವನು ನಮ್ಮ ಮನೆಯಲ್ಲೇ ಬಿಟ್ಟುಹೋಗಿದ್ದ.

ಮಜಾ ಯಾವುದರಲ್ಲಿ ಜಾಸ್ತಿ? ವಿಆರ್2, ಎರಡು ಮಾತಿಲ್ಲ. ಗ್ರ್ಯಾನ್ ಟುರಿಸ್ಮೋ 7 ಹಾಕಿ ಕೂತರೆ ಕಾರಿನೊಳಗೇ ಇರುತ್ತೀರಿ. ತಲೆ ತಿರುಗಿಸಿದರೆ ಪಕ್ಕದ ಸೀಟು, ಕನ್ನಡಿಯಲ್ಲಿ ಹಿಂದಿನ ಗಾಡಿ. ಸಂಪಾಜೆ ಘಾಟಿಯಲ್ಲಿ ಓಡಿಸಿದವರಿಗೆ ಆ ತಿರುವುಗಳ ಖುಷಿ ಬೇಗ ಹಿಡಿಸುತ್ತದೆ.

ತೊಂದರೆ ಇರುವುದು ಆಮೇಲೆ. ಗ್ರ್ಯಾನ್ ಟುರಿಸ್ಮೋ ಬಿಟ್ಟರೆ ನನ್ನ ಹತ್ತಿರ ಇದ್ದ ಗೇಮ್‌ಗಳಿಗೆ ವಿಆರ್ ಇಲ್ಲ. ಪಿಎಸ್4ರ ಹಳೆಯ ವಿಆರ್ ಗೇಮ್‌ಗಳೂ ಇದರಲ್ಲಿ ಹಾಗೇ ಓಡುವುದಿಲ್ಲ. ಬಿಡುಗಡೆಯಾದಾಗ ಬೆಲೆ 549.99 ಡಾಲರ್, ಡಿಸ್ಕ್ ಇರುವ ಪಿಎಸ್5ಗಿಂತ 50 ಡಾಲರ್ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅಲ್ವಾ? ಇನ್ನು ಜುಲೈನ ಥಂಡಿಗೆ ಲೆನ್ಸ್ ಮೇಲೆ ಮಂಜು ಕಟ್ಟುತ್ತಿತ್ತು. ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿಟ್ಟೆ. ಹೊರಗೆ ತೆಗೆಯುವುದೇ ಕಡಿಮೆಯಾಯಿತು.

ಪೋರ್ಟಲ್ ಅಂದರೆ 8 ಇಂಚಿನ ಪರದೆ, ಎರಡು ಬದಿಗೆ ಕಂಟ್ರೋಲರ್. ಗೇಮ್ ನಡೆಯುವುದು ಪಿಎಸ್5ನಲ್ಲಿ, ಚಿತ್ರ ಮಾತ್ರ ವೈಫೈಯಲ್ಲಿ ಬರುತ್ತದೆ. ಪಿಎಸ್5 ಗೇಮನ್ನು ಫೋನಿನಲ್ಲೇ ಆಡುವ ರಿಮೋಟ್ ಪ್ಲೇ ಇರುವಾಗ ಇದ್ಯಾಕೆ ಅಂತ ಕೇಳುವವರಿದ್ದಾರೆ. ಕೇಳಲಿ. ನನ್ನ ಗೇಮ್‌ಗಳೆಲ್ಲ ಇದರಲ್ಲಿ ಓಡಿದವು, ಒಂದನ್ನೂ ಹೊಸದಾಗಿ ಕೊಳ್ಳಲಿಲ್ಲ. ಅಮ್ಮನ ಧಾರಾವಾಹಿಗೆ ಟಿವಿ ಬಿಟ್ಟುಕೊಟ್ಟು ಕಂಬಳಿಯೊಳಗೆ ಆಡಬಹುದು. ಹಳೇ ಮನೆಯ ದಪ್ಪ ಗೋಡೆ, ಹಿಂದಿನ ಕೋಣೆಯಲ್ಲಿ ಚಿತ್ರ ಒಡೆಯುತ್ತಿತ್ತು. ಪಿಎಸ್5ಗೆ ಲ್ಯಾನ್ ವೈರ್ ಎಳೆದ ಮೇಲೆ ಪರವಾಗಿಲ್ಲ. ಕರೆಂಟ್ ಹೋದರೆ ಮಾತ್ರ ಬ್ಯಾಟರಿ ಇದ್ದೂ ಸುಮ್ನೆ. ನಮ್ಮ ಇನ್ವರ್ಟರ್ ಲೈನಿನಲ್ಲಿ ಪಿಎಸ್5 ಇಲ್ಲ.

ಹಿಂದೆಯೂ ಹೀಗೇ ಆಗಿದೆ. 2010ರಲ್ಲಿ, ಮೈಕ್ರೋಸಾಫ್ಟ್‌ನ ಗೇಮ್ ಯಂತ್ರ ಎಕ್ಸ್‌ಬಾಕ್ಸ್ 360 ಬಂದು ಐದು ವರ್ಷವಾದ ಮೇಲೆ, ಅದಕ್ಕೆ ಮೈ ಅಲುಗಾಟ ನೋಡಿ ಆಡಿಸುವ ಕ್ಯಾಮೆರಾ ಕೈನೆಕ್ಟ್ ಬಂತು. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ! ಆದರೆ ಅದಕ್ಕೆಂದೇ ಮಾಡಿದ ಗೇಮ್‌ಗಳು ಬೇಕಿತ್ತು. 2017ರಲ್ಲಿ ತಯಾರಿಕೆಯೇ ನಿಂತಿತು. ಮೊದಲ ಪ್ಲೇಸ್ಟೇಷನ್‌ಗೆ 1997ರಲ್ಲಿ ಬಂದ ಡ್ಯುಯಲ್‌ಶಾಕ್ ಹಳೆಯ ಗೇಮ್‌ಗಳಿಗೂ ಆಗುತ್ತಿತ್ತು. ಅದೇ ಮುಂದೆ ಎಲ್ಲರ ಕೈಯ ಕಂಟ್ರೋಲರ್ ಆಯಿತು.

ರೇಸಿಂಗ್ ಹುಚ್ಚು ಇದ್ದರೆ ವಿಆರ್2 ತಗೊಳ್ಳಿ. ಉಳಿದವರಿಗೆ ಪೋರ್ಟಲ್. ಮನೆಯ ಟಿವಿ ರಿಮೋಟ್ ಯಾವಾಗಲೂ ನಿಮ್ಮ ಕೈಯಲ್ಲೇ ಇರುತ್ತದಾ? ಹಾಗಾದರೆ ಅದೂ ಬೇಡ.