ಎರಡು ವರ್ಷ ಸರ್‌ಪ್ರೈಸ್ ಬ್ಯಾಗ್ ಹೊತ್ತ ಮೇಲೆ

“ಅಷ್ಟು ದೂರ ಹೋಗಿ ತಂಗಳು ತಿಂತಿದ್ದೀಯಾ?”

ವಿಡಿಯೊ ಕಾಲ್‌ನಲ್ಲಿ ಅಡುಗೆಕಟ್ಟೆ ಮೇಲಿದ್ದ ಕಾಗದದ ಚೀಲ ನೋಡಿ ಅಮ್ಮ ಕೇಳಿದ ಮಾತು. ಅಂಗಡಿಗಳಲ್ಲಿ ಉಳಿದ ತಿನಿಸನ್ನು ಕಡಿಮೆ ಬೆಲೆಗೆ ಕೊಡಿಸುವ ಟೂ ಗುಡ್ ಟು ಗೋ ಆ್ಯಪ್ ಹಾಕಿಕೊಂಡು ಆಗ ಒಂದು ವಾರ ಆಗಿತ್ತು. ಈಗ ಎರಡು ವರ್ಷ ದಾಟಿದೆ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ದೊಡ್ಡವರಿಬ್ಬರು, ಒಂದು ಮಗು. ಮನೆಯಲ್ಲಿ ಮಾಂಸ ಇಲ್ಲ, ಮೊಟ್ಟೆಗೆ ಅಡ್ಡಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಆ್ಯಪ್ ನಿಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ನಿಮ್ಮ ಅಡುಗೆಮನೆ ಮೇಲೇ ನಿಂತಿದೆ.

ಆ್ಯಪ್ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಬಫೆ ಮುಗಿದ ಮೇಲೆ ಹೋಟೆಲಿನವರು ಚೆಲ್ಲುವ ಊಟ ನೋಡಿ ಹೊಳೆದ ಉಪಾಯ. 2016ರಲ್ಲಿ ಬ್ರಿಟನ್ನಿಗೂ ಬಂತು. ಬೇಕರಿ, ಕೆಫೆ, ಸೂಪರ್‌ಮಾರ್ಕೆಟ್‌ಗಳು ಆ ದಿನ ಮಾರಾಟವಾಗದೆ ಉಳಿದದ್ದನ್ನು ಚೀಲಕ್ಕೆ ತುಂಬಿ ಸುಮಾರು ಮೂರನೇ ಒಂದು ಪಾಲು ಬೆಲೆಗೆ ಕೊಡುತ್ತವೆ. ನಾನು ಕೊಡುವುದು ಹೆಚ್ಚಾಗಿ 3ರಿಂದ 5 ಪೌಂಡ್. ಮೊದಲೇ ದುಡ್ಡು ಕಟ್ಟಬೇಕು, ಅವರು ಹೇಳಿದ ಹೊತ್ತಿಗೇ ಹೋಗಬೇಕು, ಕೌಂಟರ್ ಮುಂದೆ ಫೋನ್ ಮೇಲೆ ಬೆರಳು ಸರಿಸಿ ಚೀಲ ಎತ್ತಿಕೊಂಡು ಬರಬೇಕು. ಒಳಗೆ ಏನಿದೆ ಅಂತ ಮಾತ್ರ ಕೇಳುವ ಹಾಗಿಲ್ಲ.

ನಮ್ಮೂರಿನ ಸಂತೆ ಏಳುವ ಹೊತ್ತಿಗೆ ಟೊಮ್ಯಾಟೊ, ಬದನೆಕಾಯಿಗಳನ್ನು ತಕ್ಕಡಿಗೆ ಹಾಕದೆ ಗುಡ್ಡೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರಲ್ಲ, ಇದೂ ಅದೇ ವ್ಯಾಪಾರ. ಇಲ್ಲಿ ಗುಡ್ಡೆ ಮೇಲೆ ಬಟ್ಟೆ ಮುಚ್ಚಿರುತ್ತಾರೆ, ಅಷ್ಟೇ.

ಮೊದಲ ಎರಡು ತಿಂಗಳು ನನಗೆ ಹುಚ್ಚು. ವಾರಕ್ಕೆ ಮೂರು ಚೀಲ, ಮೂರೂ ಬೇಕರಿಯವು. ಕ್ರೊಸಾಂಟ್, ದಾಲ್ಚಿನ್ನಿ ಬನ್ನು, ಕಲ್ಲಿನ ಹಾಗಿರುವ ಸೋರ್‌ಡೋ ಬ್ರೆಡ್ಡು. ಮಗನಿಗೆ ಹಬ್ಬ. ಬ್ರೆಡ್ ಉಪ್ಪಿಟ್ಟು ಮಾಡಿದೆ, ಬ್ರೆಡ್ ಬೋಂಡಾ ಮಾಡಿದೆ, ಪುಡಿ ಮಾಡಿ ಕಟ್ಲೆಟ್‌ಗೆ ಹಾಕಿದೆ. ಫ್ರೀಜರ್ ತುಂಬಿತು. ಒಂದು ಭಾನುವಾರ ಬಾಗಿಲು ತೆಗೆದರೆ ಗಟ್ಟಿ ಲೋಫ್ ಒಂದು ಕಾಲ ಮೇಲೆ ಬಿತ್ತು. ಆವತ್ತು ಕೂತು ನೋಡಿದರೆ ತಂದದ್ದರಲ್ಲಿ ಮೂರನೇ ಒಂದು ಭಾಗ ನಾನೇ ಕಸಕ್ಕೆ ಹಾಕಿದ್ದೆ. ಬೇಕರಿಯ ಕಸವನ್ನು ದುಡ್ಡು ಕೊಟ್ಟು ನಮ್ಮ ಮನೆಯ ಡಬ್ಬಕ್ಕೆ ಸಾಗಿಸಿದ ಹಾಗಾಯಿತು, ಅಲ್ವಾ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಪ್ರಕಾರ 2022ರಲ್ಲಿ ಪ್ರಪಂಚದಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಸುಮಾರು 60 ಶೇಕಡಾ ಮನೆಗಳದ್ದೇ. ಅಂಗಡಿಗಳ ಪಾಲು 12 ಶೇಕಡಾ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಫ್ರೀಜರ್.

ಆ್ಯಪ್‌ನಲ್ಲಿ ಇಷ್ಟು ದುಡ್ಡು ಉಳಿಸಿದ್ದೀರಿ ಅಂತ ಒಂದು ಲೆಕ್ಕ ಬರುತ್ತದೆ. ನಾನು ಅದನ್ನು ನೋಡುವುದು ಬಿಟ್ಟಿದ್ದೇನೆ. ಚೀಲ ಇಲ್ಲದಿದ್ದರೆ ಆ ಬಾದಾಮಿ ಪೇಸ್ಟ್ರಿಯನ್ನು ನಾನು ಹೇಗೂ ಕೊಳ್ಳುತ್ತಿರಲಿಲ್ಲ. ಹಾಗಾಗಿ ಅದರಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಸೊಂಟದ ಸುತ್ತ ಉಳಿದದ್ದು ಬೇರೆ.

ಈಗ ನಾನು ಕಣ್ಣಿಡುವುದು ತರಕಾರಿ ಪೆಟ್ಟಿಗೆ ಮೇಲೆ. ವಾರಕ್ಕೆ ಒಂದೇ. ಈ ಆಟ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು ಅನ್ನಿಸಿದ್ದು ಇಲ್ಲೇ. ಏನೇ ಬರಲಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿ ತುರಿ ಉದುರಿಸಿದರೆ ಪಲ್ಯ. ಕ್ರಿಸ್‌ಮಸ್ ಕಳೆದ ವಾರ ಪುಟಾಣಿ ಎಲೆಕೋಸಿನ ಹಾಗಿರುವ ಬ್ರಸೆಲ್ಸ್ ಸ್ಪ್ರೌಟ್ಸ್ ರಾಶಿ ಬಂತು. ಇಲ್ಲಿನ ಅರ್ಧ ಮಕ್ಕಳು ಅದನ್ನು ಕಂಡರೆ ಓಡಿಹೋಗುತ್ತಾರೆ. ನಾಲ್ಕು ಸೀಳು ಮಾಡಿ ಎಲೆಕೋಸಿನ ಪಲ್ಯದ ಹಾಗೇ ಮಾಡಿದೆ, ಚೊಕ್ಕವಾಗಿ ಖಾಲಿಯಾಯಿತು. ಸ್ವೀಡ್ ಅನ್ನುವ ಗೆಡ್ಡೆ ಸಾಂಬಾರಿನಲ್ಲಿ ಮೂಲಂಗಿಯ ತಂಗಿ. ಬಿಳಿ ಕ್ಯಾರೆಟ್ಟಿನ ಹಾಗಿರುವ ಪಾರ್ಸ್ನಿಪ್ ಮಾತ್ರ ಸೋತಿದೆ, ಅದರ ಸಿಹಿ ಯಾವ ಹುಳಿಗೂ ಬಗ್ಗುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಸಸ್ಯಾಹಾರದ ಫಿಲ್ಟರ್ ಇದೆ, ತಪ್ಪದೆ ಹಾಕಿಕೊಳ್ಳಿ. ನಾನು ಅದಿಲ್ಲದೆ ಒಮ್ಮೆ ಒಂದು ಬೇಕರಿ ಚೀಲ ತಂದೆ. ಐದರಲ್ಲಿ ಮೂರು ಮಾಂಸ ತುಂಬಿದ ಸಾಸೇಜ್ ರೋಲ್. ತಪ್ಪು ನನ್ನದೇ. ಪಕ್ಕದ ಮನೆಯ ಪೋಲಿಷ್ ದಂಪತಿಗೆ ಕೊಟ್ಟೆ. ಮುಂದಿನ ವಾರ ಅವರ ಮನೆಯಿಂದ ಒಂದು ಬಾಟಲಿ ಉಪ್ಪಿನಕಾಯಿ ಬಂತು, ನಮ್ಮ ಉಪ್ಪಿನಕಾಯಿ ಅಲ್ಲ, ಸೌತೆಕಾಯಿದು.

ಕಿರಿಕಿರಿ ಇಲ್ಲದೆ ಇಲ್ಲ. ಒಂದು ಕೆಫೆಗೆ ಮಳೆಯಲ್ಲಿ ಇಪ್ಪತ್ತು ನಿಮಿಷ ನಡೆದು ಹೋದರೆ ಬಾಗಿಲು ಹಾಕಿತ್ತು. ದುಡ್ಡು ವಾಪಸ್ ಬಂತು, ನೆನೆದ ಶೂ ಒಣಗೋಕೆ ಎರಡು ದಿನ ಬೇಕಾಯಿತು. ಇನ್ನೊಂದು ಅಂಗಡಿಯ ಪೆಟ್ಟಿಗೆಯಲ್ಲಿ ಲೆಟ್ಯೂಸ್ ನೀರಾಗಿ ಹೋಗಿತ್ತು. ಅಲ್ಲಿಗೆ ಮತ್ತೆ ಹೋಗಿಲ್ಲ. ಬುಕ್ ಮಾಡುವ ಮುಂಚೆ ಅಂಗಡಿಗೆ ಜನ ಕೊಟ್ಟಿರುವ ಅಂಕ ನೋಡಿ. 4ಕ್ಕಿಂತ ಕೆಳಗಿದ್ದರೆ ನಾನು ಮುಟ್ಟುವುದಿಲ್ಲ. ಚೆನ್ನಾಗಿರುವ ಅಂಗಡಿಯ ಚೀಲಗಳು ನಿಮಿಷದಲ್ಲಿ ಖಾಲಿಯಾಗುತ್ತವೆ, ಅದಕ್ಕೆ ಸ್ವಲ್ಪ ಹಟ ಬೇಕು. ಹೋಗೋಕೆ ಆಗದಿದ್ದರೆ ಚೀಲ ಕೊಡುವ ಹೊತ್ತಿಗೆ ಎರಡು ಗಂಟೆ ಮುಂಚೆವರೆಗೂ ರದ್ದು ಮಾಡಬಹುದು.

ಅಮ್ಮನ ತಂಗಳಿನ ಪ್ರಶ್ನೆಗೂ ಉತ್ತರ ಹೇಳಬೇಕಲ್ಲ. ಇಲ್ಲಿನ ಪ್ಯಾಕೆಟ್ ಮೇಲೆ ಎರಡು ಥರದ ತಾರೀಕು ಇರುತ್ತದೆ. ‘ಯೂಸ್ ಬೈ’ ಅಂತಿದ್ದರೆ ಆ ದಿನ ದಾಟಿದ ಮೇಲೆ ತಿನ್ನಬಾರದು, ಅಂಗಡಿಯವರು ಮಾರುವ ಹಾಗೂ ಇಲ್ಲ. ಮಾಂಸದಂಥವು. ಆ ದಿನದೊಳಗೆ ಫ್ರೀಜರ್‌ಗೆ ಸೇರಿಸಿದರೆ ಸರಿ. ‘ಬೆಸ್ಟ್ ಬಿಫೋರ್’ ಬರೀ ರುಚಿ, ಗರಿಗರಿಯ ಮಾತು. ತಾರೀಕು ದಾಟಿದ ಬಿಸ್ಕತ್ತು ಮೆತ್ತಗಾಗಬಹುದು, ಹೊಟ್ಟೆ ಕೆಡಿಸುವುದಿಲ್ಲ. ಎರಡು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಟ್ಟೆ ಕೆಟ್ಟಿಲ್ಲ. ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು “ಮೂಸಿ ನೋಡಿದರೆ ಗೊತ್ತಾಗಲ್ವಾ?” ಅಂದರು.

ಆರಿಸಿಕೊಂಡೇ ತರಬೇಕು ಅನ್ನುವವರಿಗೆ ಆ್ಯಪ್ ಬೇಡ. ಸಂಜೆ ಏಳರ ಮೇಲೆ ಸುಮ್ನೆ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬೆಲೆ ಇಳಿಸಿ ಹಳದಿ ಚೀಟಿ ಅಂಟಿಸಿದ ಸಾಮಾನಿನ ಮೂಲೆ ಹುಡುಕಿ. ಅಲ್ಲಿ ಪನೀರ್ ಸಿಕ್ಕ ದಿನಗಳೂ ಇವೆ. ಆ್ಯಪ್‌ಗೆ ನನ್ನದು 5ಕ್ಕೆ 4, ಬೇಕರಿ ಚೀಲಕ್ಕೆ ಜಾಸ್ತಿ ಅಂದರೆ ಎರಡೂವರೆ. ನಾಳೆ ಸಂಜೆ ಆರೂವರೆಗೆ ತರಕಾರಿ ಪೆಟ್ಟಿಗೆ ಬುಕ್ ಆಗಿದೆ. ಕಾಯಿ ತುರಿ ಮುಗಿದಿದೆ, ದಾರಿಯಲ್ಲಿ ತರಬೇಕು.