ದುಡ್ಡು ಕೊಟ್ಟೆವು, ಸಾಫ್ಟ್‌ವೇರ್ ನಮ್ಮದಾಗಲಿಲ್ಲ

ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಉದ್ಯೋಗ. ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಕಳಿಸುತ್ತೇವೆ. ಆರ್ಡರ್, ಸ್ಟಾಕು, ಬಿಲ್ಲು ಒಂದೇ ಕಡೆ ಸಿಗಲಿ ಅಂತ ಸಾಫ್ಟ್‌ವೇರ್ ಮಾಡಿಸಿದೆವು. ಕಾಯಂ ಆಗಿ ಒಬ್ಬರನ್ನು ಇಟ್ಟುಕೊಂಡರೆ ತಿಂಗಳಿಗೆ 35 ಸಾವಿರ ಸಂಬಳ. ಅಷ್ಟು ನಮ್ಮ ಕೈಲಾಗದು. ಅದಕ್ಕೇ ಫ್ರೀಲ್ಯಾನ್ಸ್ ಮಾಡುವ ಹುಡುಗನೊಬ್ಬನಿಗೆ 2 ಲಕ್ಷಕ್ಕೆ ಗುತ್ತಿಗೆ ಕೊಟ್ಟೆವು. ಟಿಡಿಎಸ್, ಅಂದರೆ ಕೊಡುವ ದುಡ್ಡಿನಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಕಟ್ಟಿದೆವು. ಲೆಕ್ಕವೆಲ್ಲ ಚೊಕ್ಕ. ಕರಾರುಪತ್ರ ಮಾತ್ರ ಬರೆಸಲಿಲ್ಲ. ಮಾತುಕತೆಯೆಲ್ಲ ವಾಟ್ಸಾಪ್‌ನಲ್ಲೇ.

ಒಂದು ವರ್ಷ ಚೆನ್ನಾಗೇ ನಡೆಯಿತು. ಆಮೇಲೆ ಅವನಿಗೆ ಬೇರೆ ಕಡೆ ನೌಕರಿ ಸಿಕ್ಕಿತು. ಮುಂದಿನ ಕೆಲಸ ಇನ್ನೊಬ್ಬರ ಕೈಲಿ ಮಾಡಿಸೋಣ ಅಂತ ಕೋಡ್, ಅಂದರೆ ಅವನು ಬರೆದ ಮೂಲ ಪ್ರೋಗ್ರಾಂ, ಕೇಳಿದೆ. 'ಅಕ್ಕಾರ, ಕೋಡ್ ನಂದು. ಬೇಕಂದ್ರ ಇನ್ನೂ ಒಂದೂವರೆ ಲಕ್ಷ ಆಗ್ತದ್ರಿ' ಅಂದ. ನಾವು ಒಪ್ಪಲಿಲ್ಲ. ದಸರಾ ಹಿಂದಿನ ವಾರ, ಆರ್ಡರ್ ಜಾಸ್ತಿ ಇರುವ ಹೊತ್ತಿಗೇ, ಲಾಗಿನ್ ಬಂದ್ ಆಯಿತು. ಡೊಮೈನ್ (ವೆಬ್ ವಿಳಾಸ), ಸರ್ವರ್ (ಸಾಫ್ಟ್‌ವೇರ್ ಓಡುವ ಕಂಪ್ಯೂಟರ್) ಎರಡೂ ಅವನ ಹೆಸರಲ್ಲೇ ಇದ್ದವು.

ವಕೀಲರ ಹತ್ತಿರ ಹೋದೆ. ಅವರು ನನ್ನ ಫೋನ್ ಇಸಿದುಕೊಂಡು ಚಾಟ್ ಪೂರ್ತಿ ನೋಡಿದರು. 'ಓಕೆ ರೀ', ಹೆಬ್ಬೆರಳಿನ ಚಿತ್ರ, 'ಅಮೌಂಟ್ ಬಂತ್ರಿ'. ಹಕ್ಕು ನಮಗೆ ಬಿಟ್ಟುಕೊಟ್ಟ ಒಂದು ಮಾತೂ ಇರಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ತೆಗೆದು ತೋರಿಸಿದರು. ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದ ಪ್ರೋಗ್ರಾಂ, ಬೇರೆ ಕರಾರು ಇಲ್ಲದಿದ್ದರೆ, ಮಾಲೀಕರದ್ದು. ಗುತ್ತಿಗೆಯವನು ಬರೆದದ್ದು ಅವನದ್ದೇ. ಪೂರ್ತಿ ದುಡ್ಡು ಕೊಟ್ಟಿದ್ದರೂ ಅಷ್ಟೇ. ನನಗೆ ಇದು ಗೊತ್ತೇ ಇರಲಿಲ್ಲ. ನಿಮ್ಮಲ್ಲೂ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ, ಅಲ್ವಾ?

ದಯವಿಟ್ಟು ಕೆಲಸ ಶುರುವಾಗುವ ಮೊದಲೇ ಬರೆಸಿಕೊಳ್ಳಿ. ಹಕ್ಕು ನಿಮಗೆ ವರ್ಗಾವಣೆ ಆಗುತ್ತದೆ ಅಂತ ಸ್ಪಷ್ಟವಾಗಿ ಇರಬೇಕು, ಅವರ ಸಹಿಯೂ ಬೇಕು. ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅನ್ನುವುದನ್ನೂ ಬಿಡಬೇಡಿ. ಬರೆಯದಿದ್ದರೆ ಕಾಯ್ದೆ ಆ ವರ್ಗಾವಣೆಯನ್ನು 5 ವರ್ಷಕ್ಕೆ, ಭಾರತದೊಳಗೆ ಮಾತ್ರ ಅಂತ ಹಿಡಿಯುತ್ತದೆ. ಡೊಮೈನ್, ಸರ್ವರ್ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲೇ ತೆಗೆಯಿರಿ. ಕೋಡ್ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.

ನಾವು ಹೊಸ ಸಾಫ್ಟ್‌ವೇರ್ ಮೊದಲಿನಿಂದ ಮಾಡಿಸುತ್ತಿದ್ದೇವೆ, ಈ ಸಲ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡು. ಹಳೆಯ ಲೆಕ್ಕ ಪ್ರಿಂಟ್ ತೆಗೆದಿಟ್ಟ ಬಿಲ್ಲುಗಳಲ್ಲಷ್ಟೇ ಉಳಿದಿದೆ. ರೊಟ್ಟಿ ಬಡಿಯುವ ಇಬ್ಬರು ಹೆಣ್ಮಕ್ಕಳು ಸಂಜೆ ಕೂತು ಒಂದೊಂದನ್ನೇ ನೋಡಿ ತುಂಬುತ್ತಿದ್ದಾರೆ. ಫೆಬ್ರವರಿವರೆಗೆ ಮುಗಿದಿದೆ.